ಲೈನ್ ಮನೆಯ ವಿಳಾಸ, ಪೈಸಾರಿಯ ಹಕ್ಕು: ಒಂದು ಯರವ ಹಾಡಿಯ ಪ್ರಕರಣ

ಈ ಪ್ರಕರಣ ದಕ್ಷಿಣ ಕೊಡಗಿನ ಯರವ ಆದಿವಾಸಿಗಳ ಒಂದು ಹಾಡಿಯದು. ಹಾಡಿ ಎಂದರೆ ಆದಿವಾಸಿಗಳ ಪುಟ್ಟ ನೆಲೆ. ಹಾಡಿಯ ಹೆಸರು, ತೋಟದ ಹೆಸರು, ಸರ್ವೆ ನಂಬರು, ಅಧಿಕಾರಿಗಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕುಟುಂಬಗಳ ಸಂಖ್ಯೆ ಮತ್ತು ಅಳತೆಗಳನ್ನು ಗುರುತು ಸಿಗದ ಹಾಗೆ ಸ್ವಲ್ಪ ಹಿಂದುಮುಂದು ಮಾಡಿದ್ದೇನೆ. ಅರಣ್ಯ ಹಕ್ಕು ಸಮಿತಿಗಳಿಗೆ ಅರ್ಜಿ, ನಡಾವಳಿ ಬರೆದುಕೊಡುವುದು, ಕಚೇರಿಗೆ ಹೋಗುವಾಗ ಜೊತೆಗಿರುವುದು ನನ್ನ ಕೆಲಸ. ಇಂಥದ್ದೇ ಕಡತ ಹಿಡಿದು ಓಡಾಡುತ್ತಿರುವ ಬೇರೆ ಹಾಡಿಗಳವರಿಗೆ ಉಪಯೋಗಕ್ಕೆ ಬರಲಿ ಎಂದು, ಈ ಹಾಡಿಯ ಗ್ರಾಮಸಭೆಯ ಒಪ್ಪಿಗೆ ಪಡೆದು ಬರೆದಿದ್ದೇನೆ.

ಹಿನ್ನೆಲೆ

ಒಂದು ಗುಡ್ಡದ ಇಳಿಜಾರು. ಮೇಲೆ ಮೀಸಲು ಅರಣ್ಯದ ಗಡಿ, ಕೆಳಗೆ ದೊಡ್ಡದೊಂದು ಕಾಫಿ ತೋಟ, ನಡುವೆ ಪೈಸಾರಿ. ಕೊಡಗಿನ ಹೊರಗಿನವರಿಗಾಗಿ ಹೇಳಬೇಕೆಂದರೆ ಪೈಸಾರಿ ಎಂಬುದು ಯಾರ ಹಿಡುವಳಿಗೂ ಸೇರದ ಸರ್ಕಾರಿ ಜಾಗ. ಗದ್ದೆಯವರಿಗೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಬಾಣೆ ಬೇರೆ, ಇದು ಬೇರೆ. ಆ ಪೈಸಾರಿಯಲ್ಲಿ ಯರವರ ಒಂದು ಹಾಡಿ ಇತ್ತು. ನಲವತ್ತಮೂರು ಕುಟುಂಬಗಳು, ಹುಲ್ಲು ಹೊದಿಸಿದ ಗುಡಿಸಲುಗಳು, ನಾಲ್ಕಾರು ಹಲಸಿನ ಮರ, ಗೆಣಸಿನ ಪಾತಿ, ಕೆಳಗಿನ ಜೌಗಿನಲ್ಲಿ ತುಂಡು ತುಂಡು ಭತ್ತದ ನೆಲ, ತೊರೆಗೆ ಇಳಿಯುವ ದಾರಿ, ದಾರಿಯಾಚೆ ಸತ್ತವರನ್ನು ಹೂಳುವ ಜಾಗ. ಹಗಲು ತೋಟಗಳಲ್ಲಿ ಕೂಲಿ, ಸಂಜೆಗೆ ಹಾಡಿ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಯರವರಲ್ಲಿ ಅನೇಕರು ಜಮ್ಮದ ಆಳುಗಳು, ಅಂದರೆ ವಂಶಪಾರಂಪರ್ಯದ ಗುಲಾಮರಾಗಿದ್ದರು. ಭೂಮಿ ಜಮ್ಮದಾಳು ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದ. ಒಕ್ಕಲು ಜಮ್ಮದಾಳು ಒಡೆಯನ ಮನೆತನಕ್ಕೆ ಸೇರಿದವನು. 1843ರ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಬೆಂಬಲ ತೆಗೆಯಿತು. 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಎದ್ದ ಮೇಲೆ ಆಳುಗಳು ಕೂಲಿಗಳಾದರು. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಈ ಉದ್ದಕ್ಕೂ ಸರ್ಕಾರದ ಪುಸ್ತಕಗಳಲ್ಲಿ ಯರವರು ಇಂಥವರ ಆಳು, ಇಂಥ ತೋಟದ ಕೂಲಿ ಎಂದು ಕಾಣಿಸಿಕೊಂಡರೇ ಹೊರತು ಇಂಥ ಜಾಗದ ನಿವಾಸಿ ಎಂದು ಕಾಣಿಸಿಕೊಂಡದ್ದು ತೀರಾ ವಿರಳ. ಮುಂದೆ ನಡೆದ ಎಲ್ಲದರ ಬುಡ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ತೋಟ ಮೇಲೇರಿದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಕ್ಕೆ ಕಾಫಿ ಗಿಡಗಳು ಸುಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು. ಅದೇ ಹೊತ್ತಿಗೆ ಕಾಫಿ ಮಂಡಳಿಯೇ ಬೆಳೆಯೆಲ್ಲವನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ವ್ಯವಸ್ಥೆ ಕಳಚುತ್ತಾ ಬಂದು, 1996ರ ಹೊತ್ತಿಗೆ ಬೆಳೆಗಾರ ತನ್ನ ಬೆಳೆಯನ್ನು ತಾನೇ ಮಾರುವ ಸ್ವಾತಂತ್ರ್ಯ ಪೂರ್ತಿ ಸಿಕ್ಕಿತು. ಕೈಯಲ್ಲಿ ಹಣ ಆಡಿತು, ಖಾಲಿ ಕಂಡ ಜಾಗಕ್ಕೆಲ್ಲ ಗುಂಡಿ ಬಿತ್ತು. ಪ್ರತಿ ಮುಂಗಾರಿಗೂ ನಾಲ್ಕೆಂಟು ಸಾಲು ರೋಬಸ್ಟಾ, ನೆರಳಿಗೆ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ಗಿಡ ಹಿಡಿದ ಮೇಲೆ ಬೇಲಿ ಒಂದಷ್ಟು ಮೇಲಕ್ಕೆ.

ಯಾರನ್ನೂ ಹೊಡೆದು ಓಡಿಸಲಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಕ್ಕಲೆಬ್ಬಿಸುವುದು ಎಂದಾಗ ಬುಲ್ಡೋಜರ್, ಪೊಲೀಸರು, 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಕಂಡ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಈ ಹಾಡಿಯಲ್ಲಿ ನಡೆದದ್ದು ಉಪಕಾರದ ರೂಪದಲ್ಲಿ ನಡೆಯಿತು. ತೋಟದವರು ಲೈನ್ ಮನೆ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆ, ಕೊಟ್ಟರು. ಹೆಂಚಿನ ಮಾಡು, ಒಂದು ಬಲ್ಬು, ನಲ್ಲಿ ನೀರು. ಮಳೆಗಾಲದಲ್ಲಿ ಮೂರು ತಿಂಗಳು ಸೋರುವ ಗುಡಿಸಲಿನಿಂದ ಮಕ್ಕಳನ್ನು ಎತ್ತಿಕೊಂಡು ಲೈನಿಗೆ ಇಳಿದ ತಾಯಂದಿರನ್ನು ಯಾರು ತಪ್ಪು ಎನ್ನಬಲ್ಲರು? ಹತ್ತು ವರ್ಷಗಳಲ್ಲಿ ಇಪ್ಪತ್ತೊಂಬತ್ತು ಕುಟುಂಬಗಳು ಲೈನ್ ಸೇರಿದವು, ಹದಿನಾಲ್ಕು ಮೇಲೇ ಉಳಿದವು. ಬಿಟ್ಟ ಗುಡಿಸಲು ಎರಡು ಮಳೆಗಾಲದಲ್ಲಿ ಕುಸಿಯಿತು, ಮೂರನೆಯ ವರ್ಷ ಅಲ್ಲಿ ಕಾಫಿ ಬಂತು. ಆನೆ ಕಾಟವೆಂದು ಹಾಡಿಯ ದಾರಿಗೆ ಗೇಟು ಬಿತ್ತು, ಕಳ್ಳತನವೆಂದು ಗೇಟಿಗೆ ಬೀಗ ಬಿತ್ತು. ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ ಮಾಡಿಸಿಕೊಟ್ಟವರು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು. ವಿಳಾಸದ ಜಾಗದಲ್ಲಿ ತೋಟದ ಹೆಸರು, ಲೈನ್ ಮನೆಯ ನಂಬರು.

ಮೊದಲ ಅರ್ಜಿ

ಅರಣ್ಯವಾಸಿಗಳಿಗೆ ಅವರ ನೆಲದ ಮೇಲಿನ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಸುದ್ದಿ ಹಾಡಿಗೆ ತಲುಪಿ, 2009ರಲ್ಲಿ ಮೂವತ್ತಕ್ಕೂ ಹೆಚ್ಚು ಕುಟುಂಬಗಳು ಅರ್ಜಿ ಹಾಕಿದವು. ಅರಣ್ಯ ಹಕ್ಕು ಸಮಿತಿ ರಚನೆಯಾದದ್ದು ಪಂಚಾಯಿತಿ ಕೇಂದ್ರದಲ್ಲಿ, ಪಂಚಾಯಿತಿಯ ಮಟ್ಟದಲ್ಲಿ. ಸಮಿತಿಯಲ್ಲಿ ಹಾಡಿಯವರು ಇಬ್ಬರು. ಸಭೆಯ ತಿಳಿವಳಿಕೆ ಪತ್ರ ಅವರಿಗೆ ತಲುಪುತ್ತಿದ್ದದ್ದು ಸಭೆ ಮುಗಿದ ಮೇಲೆ. ಎಲ್ಲ ಅರ್ಜಿಗಳೂ ವೈಯಕ್ತಿಕ ಹಕ್ಕಿಗೆ ಮಾತ್ರ. ದಾರಿ, ತೊರೆ, ಸ್ಮಶಾನದ ಬಗ್ಗೆ ಯಾರೂ ಅರ್ಜಿ ಬರೆದಿರಲಿಲ್ಲ, ಅಂಥದ್ದಕ್ಕೊಂದು ನಮೂನೆ ಇದೆ ಎಂದು ಯಾರೂ ಹೇಳಿರಲೂ ಇಲ್ಲ.

ಎರಡು ವರ್ಷದ ಮೇಲೆ ಹಿಂಬರಹ ಬಂತು. ಎಲ್ಲ ಅರ್ಜಿಗಳಿಗೂ ಒಂದೇ ಸಾಲು: ಅರ್ಜಿದಾರರು ತೋಟದ ಲೈನ್ ಮನೆಗಳ ವಾಸಿಗಳು, 75 ವರ್ಷಗಳ ವಾಸದ ದಾಖಲೆ ಹಾಜರುಪಡಿಸಿಲ್ಲ, ಆದ್ದರಿಂದ ತಿರಸ್ಕರಿಸಿದೆ. ಮೇಲೆಯೇ ವಾಸವಾಗಿದ್ದ ಹದಿನಾಲ್ಕು ಕುಟುಂಬಗಳಿಗೂ ಲೈನ್ ವಾಸಿಗಳೆಂದೇ ಉತ್ತರ.

75 ವರ್ಷದ ಮಾತು ಶುದ್ಧ ತಪ್ಪು. ಮೂರು ತಲೆಮಾರು, ಅಂದರೆ 75 ವರ್ಷ, ಎಂಬ ಷರತ್ತು ಇರುವುದು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮೊದಲು ಆ ಅರಣ್ಯ ಭೂಮಿಯಲ್ಲಿ ಅಧಿಭೋಗದಲ್ಲಿದ್ದರೆ ಸಾಕು. ಯರವರು ಪರಿಶಿಷ್ಟ ಪಂಗಡ. ಸಹಿ ಹಾಕುವ ಮುನ್ನ ಕಾಯ್ದೆಯ ಒಂದು ಪುಟ ತಿರುವಿದ್ದರೂ ಈ ಸಾಲು ಬರುತ್ತಿರಲಿಲ್ಲ. ಇದನ್ನು ಪ್ರಶ್ನಿಸಲು 60 ದಿನಗಳ ಅವಕಾಶವಿದೆ ಎಂದು ಹಿಂಬರಹದಲ್ಲಿ ಬರೆದಿರಲಿಲ್ಲ. ಹಿಂಬರಹಗಳು ಟ್ರಂಕಿನ ತಳ ಸೇರಿದವು.

ಕಡತ ಮತ್ತೆ ಬಾಯಿ ತೆರೆದದ್ದು 2019ರಲ್ಲಿ. ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಬೇಕು ಎಂದು ಸುಪ್ರೀಂ ಕೋರ್ಟ್ ಫೆಬ್ರವರಿ 13ರಂದು ಹೇಳಿತು, ದೇಶದಾದ್ಯಂತ ಗದ್ದಲವಾಗಿ ಫೆಬ್ರವರಿ 28ರಂದು ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ತಿರಸ್ಕಾರಗಳು ಕ್ರಮಬದ್ಧವಾಗಿ ನಡೆದಿವೆಯೇ ಎಂಬ ಮರುಪರಿಶೀಲನೆ ರಾಜ್ಯಗಳಲ್ಲಿ ಶುರುವಾಯಿತು. ಭಯದಿಂದ ಟ್ರಂಕು ತೆರೆದವರಿಗೆ ಕಡತ ಮತ್ತೆ ಜೀವ ಪಡೆಯಬಹುದೆಂಬುದು ಆಗ ಗೊತ್ತಾಯಿತು.

ಯಾವ ಇಲಾಖೆಯ ಜಾಗ?

ಇಲ್ಲಿಂದ ನಿಜವಾದ ತೊಡಕು. ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವುದು ಅರಣ್ಯ ಭೂಮಿಗೆ. ಅರಣ್ಯ ಇಲಾಖೆಯವರು, ನಮ್ಮ ಮೀಸಲು ಗಡಿ ಮೇಲಿದೆ, ಇದು ಕಂದಾಯದ ಜಾಗ ಎಂದರು. ಕಂದಾಯದವರು, ಇದು ಡೀಮ್ಡ್ ಅರಣ್ಯದ ಪಟ್ಟಿಯಲ್ಲಿದೆ, ನಾವು ಮುಟ್ಟುವಂತಿಲ್ಲ ಎಂದರು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಎನಿಸುವುದೆಲ್ಲ ಅರಣ್ಯವೇ ಎಂದಿತ್ತಲ್ಲ, ಆ ಪಟ್ಟಿ ಅದರ ಸಂತಾನ. ಇಷ್ಟಾದರೂ ನಮಗೆ ಅನುಕೂಲವೇ ಆಗಿತ್ತು, ಏಕೆಂದರೆ ಕಾಯ್ದೆಯ 2(ಡಿ) ಪರಿಭಾಷೆಯಲ್ಲಿ ಡೀಮ್ಡ್ ಅರಣ್ಯವೂ, ವರ್ಗೀಕರಣವಾಗದ ಅರಣ್ಯವೂ ಸೇರುತ್ತವೆ.

2022ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ರಾಜ್ಯ ಸರ್ಕಾರ ಡೀಮ್ಡ್ ಅರಣ್ಯದ ಲೆಕ್ಕವನ್ನು 9.94 ಲಕ್ಷ ಹೆಕ್ಟೇರ್‌ನಿಂದ 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ನಮ್ಮ ಇಳಿಜಾರು ಪಟ್ಟಿಯಿಂದ ಹೊರಬಿತ್ತು. ಅದೇ ವರ್ಷ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿ, ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆ ಕೊಡುವ ದಾರಿ ತೆರೆಯಿತು. ಆದಿವಾಸಿ ಕುಟುಂಬಕ್ಕೆ ಅರಣ್ಯ ಹಕ್ಕು ಕಾಯ್ದೆಯಡಿ ಗರಿಷ್ಠ ಮಿತಿ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ. ವಾಸ್ತವದಲ್ಲಿ ಸಿಗುವುದು ಸೆಂಟ್ಸ್, ಅಂದರೆ ಎಕರೆಯ ನೂರನೇ ಒಂದು ಭಾಗದ, ಲೆಕ್ಕದಲ್ಲಿ. ಒತ್ತುವರಿ ಮಾಡಿದ ತೋಟಕ್ಕೆ 25 ಎಕರೆ. ಸಣ್ಣ ಬೆಳೆಗಾರರಿಗೂ ಈ ತಿದ್ದುಪಡಿ ಬೇಕಿತ್ತು ಎಂಬ ವಾದ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ಆದರೆ ಆ ಒತ್ತುವರಿಯ ಕೆಳಗೆ ಯಾರ ಗುಡಿಸಲಿತ್ತು ಎಂದು ಮೊದಲು ವಿಚಾರಿಸುವ ವ್ಯವಸ್ಥೆ ಇರಬೇಕಿತ್ತಲ್ಲವೇ?

ಹೀಗೆ, ಕಾಡು ಕಡಿದು ಕಾಫಿ ಹಾಕಿದರೆ ಕಡತದಲ್ಲಿ ಆ ಜಾಗ ಕಾಡಾಗಿ ಉಳಿಯುವುದಿಲ್ಲ. ಕಾಡಲ್ಲದ ಮೇಲೆ ಅರಣ್ಯ ಹಕ್ಕಿಲ್ಲ. ಗಿಡ ನೆಟ್ಟವರು ಜಾಗದ ಜೊತೆಗೆ ಜಾಗದ ವರ್ಗವನ್ನೂ ಬದಲಿಸಿದರು. ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತಾಗ ಸಿಕ್ಕ ಲಿಖಿತ ಉತ್ತರದ ಸಾರಾಂಶವೂ ಇದೇ. ಮನೆ ಅಡಿಸ್ಥಳಕ್ಕೆ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಅರ್ಜಿ ಹಾಕಿ ಎಂಬ ಸಲಹೆ ಬಂತು. ಅದು ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿರುವವರಿಗೆ. ಇಪ್ಪತ್ತೊಂಬತ್ತು ಕುಟುಂಬಗಳ ಮನೆ ಇದ್ದ ಜಾಗದಲ್ಲಿ ಆಗ ಕಾಫಿ ಇತ್ತು.

ಈ ಗೋಡೆಗೆ ಬಾಗಿಲು ಸಿಕ್ಕದ್ದು ದಿನಾಂಕದಲ್ಲಿ. ಕಾಯ್ದೆ ಹೊಸದಾಗಿ ಹಕ್ಕು ದಾನ ಮಾಡುವುದಿಲ್ಲ, ಮೊದಲೇ ಇದ್ದ ಹಕ್ಕನ್ನು ಮಾನ್ಯ ಮಾಡುತ್ತದೆ. 2005ರ ಡಿಸೆಂಬರ್‌ನಲ್ಲೂ, ಕಾಯ್ದೆ ಜಾರಿಗೆ ಬಂದಾಗಲೂ ಈ ಜಾಗ ಪಟ್ಟಿಯಲ್ಲಿತ್ತು. 2022ರಲ್ಲಿ ಪಟ್ಟಿಯಿಂದ ತೆಗೆದರೆ ಮೊದಲೇ ನೆಲೆಗೊಂಡ ಹಕ್ಕು ಹೇಗೆ ಅಳಿಯುತ್ತದೆ? ವಕೀಲರೊಬ್ಬರು ಎತ್ತಿಕೊಟ್ಟ ಈ ಪ್ರಶ್ನೆಯನ್ನು ಹಾಡಿಯವರು ಗ್ರಾಮಸಭೆಯ ಠರಾವಿನಲ್ಲಿ ಬರೆದರು. ಗ್ರಾಮಸಭೆ ಕಳಿಸಿದ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಸಮಿತಿಗೆ ಇದಕ್ಕೆ ಉತ್ತರ ಕೊಡುವುದು ಕೊನೆಯವರೆಗೂ ಸುಲಭವಾಗಲಿಲ್ಲ.

ಗ್ರಾಮಸಭೆ ಎಂದೆನಲ್ಲ, ಅದು ಪಂಚಾಯಿತಿಯದಲ್ಲ, ಹಾಡಿಯದೇ. 2012ರಲ್ಲಿ ನಿಯಮಗಳಿಗೆ ತಿದ್ದುಪಡಿ ಬಂದ ಮೇಲೆ ಹಾಡಿ ಮಟ್ಟದ ಸಭೆಯ ಬಗ್ಗೆ ಗೊಂದಲ ಉಳಿಯಬಾರದಿತ್ತು, ಆದರೂ ಅದನ್ನು ಕರೆಯಿಸಲು 2021ರವರೆಗೆ ಕಾಯಬೇಕಾಯಿತು. ಹೊಸ ಸಮಿತಿಯಲ್ಲಿ ಹನ್ನೆರಡು ಜನ, ಅವರಲ್ಲಿ ಐವರು ಮಹಿಳೆಯರು. ಮೊದಲ ಸಭೆಯಲ್ಲಿಯೇ ಮಹಿಳೆಯರು ಪಟ್ಟಾದ ಮಾತು ಬಿಟ್ಟು ತೊರೆಯ ದಾರಿ ಹಿಡಿದರು. ಗಂಡಸರಿಗೆ ಅದು ಸಣ್ಣ ವಿಷಯವೆನಿಸಿತ್ತು. ವೈಯಕ್ತಿಕ ಅರ್ಜಿ ಒಂದೆಡೆ ಇರಲಿ, ದಾರಿ, ತೊರೆ, ಸ್ಮಶಾನ, ಜೇನಿನ ಮರಗಳಿಗೆ ಸಮುದಾಯದ ಹಕ್ಕು ಬೇರೆ ಕೇಳೋಣ ಎಂಬ ತೀರ್ಮಾನ ಆ ಸಭೆಯದು.

ತೋಟದವರ ಪ್ರಸ್ತಾಪ

2023ರ ಆರಂಭದಲ್ಲಿ ತೋಟದ ಕಡೆಯಿಂದ ಮಾತು ಬಂತು. ರಸ್ತೆ ಬದಿಯಲ್ಲಿ ಪ್ರತಿ ಕುಟುಂಬಕ್ಕೆ ಐದು ಸೆಂಟ್ಸ್ ಜಾಗ, ಅಡಿಪಾಯದ ಖರ್ಚು ತೋಟದ್ದು. ಬದಲಿಗೆ ಛಾಪಾ ಕಾಗದದ ಮೇಲೆ ಒಂದು ಸಹಿ: ಮೇಲಿನ ಪೈಸಾರಿಯ ಮೇಲೆ ನಮಗೆ ಹಿಂದೆಯೂ ಹಕ್ಕಿರಲಿಲ್ಲ, ಈಗಲೂ ಇಲ್ಲ, ಮುಂದೆಯೂ ಕೇಳುವುದಿಲ್ಲ. ಗುತ್ತಿಗೆಗೆ ಅರ್ಜಿ ಹಾಕುವ ಮೊದಲು ತಕರಾರುಗಳನ್ನು ಮುಗಿಸಿಕೊಳ್ಳುವ ಉದ್ದೇಶ ಎಂಬುದು ಎಲ್ಲರಿಗೂ ಅರ್ಥವಾಗುತ್ತಿತ್ತು. ರೋಬಸ್ಟಾ ಬೆಲೆ ಏರುಮುಖದಲ್ಲಿತ್ತು. ಮರುವರ್ಷ ಅದು ದಾಖಲೆಯನ್ನೇ ಮುರಿಯಿತು. ಆ ಇಳಿಜಾರಿನ ಒಂದೊಂದು ಸಾಲಿಗೂ ಬೆಲೆ ಕಟ್ಟುವ ಕಾಲ.

ಹಾಡಿಯಲ್ಲಿ ಈ ಬಗ್ಗೆ ನಡೆದ ಸಭೆ ರಾತ್ರಿ ಊಟದ ಹೊತ್ತು ಮೀರಿಯೂ ಮುಂದುವರಿಯಿತು. ಒಬ್ಬ ಯುವಕ, ಬಿ.ಎ. ಓದಿದವನು, ಎದ್ದು ನಿಂತು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: "ಅಜ್ಜ, ನೀವು ಕಾಯುತ್ತಿರುವುದು ಹದಿನಾಲ್ಕು ವರ್ಷದಿಂದ. ನನ್ನ ಮಗಳಿಗೆ ಈಗ ಆರು. ಅವಳು ಲೈನಿನಿಂದ ಶಾಲೆಗೆ ಹೋಗುವಾಗ ತೋಟದ ಗೇಟಿನಲ್ಲಿ ಯಾರ ಮಗಳು ಎಂದು ಕೇಳುತ್ತಾರೆ. ರಸ್ತೆ ಬದಿಯಾದರೆ ಕೇಳುವುದಿಲ್ಲ." ಹಿರಿಯರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಒಬ್ಬರು, "ಮಗ, ಜಾಗ ತೆಗೆದುಕೋ. ಹಿಂದೆಯೂ ಹಕ್ಕಿರಲಿಲ್ಲ ಎಂಬ ಮಾತಿಗೆ ಸಹಿ ಹಾಕಬೇಡ. ನಿನ್ನ ಅಜ್ಜಿಯನ್ನು ಹೂಳಿದ್ದು ಅಲ್ಲೇ" ಎಂದರು.

ಜಾಗ ಕೊಡುವವರು ಆ ವಾಕ್ಯವನ್ನು ಬಿಡಲು ಒಪ್ಪಲಿಲ್ಲ. ಒಂಬತ್ತು ಕುಟುಂಬಗಳು ಸಹಿ ಹಾಕಿದವು. ಅವರಲ್ಲಿ ಆ ಯುವಕನೂ ಇದ್ದ.

ಇದರ ನಂತರ ಹಾಡಿ ಎರಡಾಗಬಹುದಿತ್ತು. ಸಹಿ ಹಾಕಿದವರನ್ನು ಅರ್ಜಿಯ ಪಟ್ಟಿಯಿಂದ ತೆಗೆಯಬೇಕು, ಅವರ ಕಾಗದ ನಮ್ಮೆಲ್ಲರ ಅರ್ಜಿಗೆ ಕಂಟಕ ಎಂದು ಕೆಲವರು ಪಟ್ಟು ಹಿಡಿದರು. ಸಮಿತಿಯ ಅಧ್ಯಕ್ಷೆ ಒಪ್ಪಲಿಲ್ಲ. ಆಕೆ ಓದಿದ್ದು ಏಳನೆಯ ತರಗತಿ. ವಾದ ಮಾತ್ರ ನೇರ: ಹಕ್ಕುಪತ್ರ ಸಿಕ್ಕ ಮೇಲೂ ಈ ಭೂಮಿಯನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ವಾರಸುದಾರರಿಗೆ ಮಾತ್ರ ಹೋಗುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ, ಹಾಗಿರುವಾಗ ಛಾಪಾ ಕಾಗದದಲ್ಲಿ ಅದನ್ನು ತೋಟದವರಿಗೆ ಬಿಟ್ಟುಕೊಡುವುದು ಹೇಗೆ? ಪತಿ ಪತ್ನಿ ಇಬ್ಬರ ಹೆಸರಿಗೂ ಬರಬೇಕಾದ ಹಕ್ಕಿಗೆ ಗಂಡಸರ ಸಹಿ ಮಾತ್ರ ಸಾಕಾಗುತ್ತದೆಯೇ? ಇಪ್ಪತ್ತೊಂಬತ್ತು ಹೆಸರುಗಳೂ ಪಟ್ಟಿಯಲ್ಲಿ ಉಳಿದವು. ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ತಿರುವು ಇದೇ. ಒಂಬತ್ತು ಮನೆಗಳನ್ನು ಹೊರಗಿಟ್ಟಿದ್ದರೆ ಮುಂದೆ ಗ್ರಾಮಸಭೆಗೆ ಬೇಕಾದ ಅರ್ಧದಷ್ಟು ಹಾಜರಿಗೇ ಪರದಾಡಬೇಕಾಗುತ್ತಿತ್ತು, ಮತ್ತು ಆ ಒಂಬತ್ತು ಮನೆಯವರು ತೋಟದ ಕಡೆಯ ಸಾಕ್ಷಿಗಳಾಗುತ್ತಿದ್ದರು.

ಇನ್ನೊಂದು ತೀರ್ಮಾನವನ್ನೂ ಇಲ್ಲೇ ಹೇಳಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 2015ರ ತಿದ್ದುಪಡಿಯ ನಂತರ, ಅರಣ್ಯ ಹಕ್ಕಿನ ಅನುಭೋಗಕ್ಕೆ ಅಡ್ಡಿಪಡಿಸುವುದನ್ನೂ ಅಪರಾಧವೆಂದು ಹೇಳುತ್ತದೆ. ಗೇಟಿನ ಬೀಗದ ಬಗ್ಗೆ ಪೊಲೀಸ್ ದೂರು ಕೊಡಿ ಎಂದು ಹೊರಗಿನ ಗೆಳೆಯರು ಒತ್ತಾಯಿಸಿದರು. ಗ್ರಾಮಸಭೆ ಬೇಡವೆಂದಿತು. ಬಹುಪಾಲು ಮನೆಗಳ ಕೂಲಿ ಅದೇ ತೋಟದ್ದು. ಮದುವೆಗೆ, ಆಸ್ಪತ್ರೆಗೆ ತೆಗೆದುಕೊಂಡ ಮುಂಗಡ ರೈಟರ್ ಪುಸ್ತಕದಲ್ಲಿತ್ತು. ಕಾನೂನು ನಮ್ಮ ಪರವಾಗಿದ್ದರೂ ಅಕ್ಕಿ ಅವರ ಕೈಯಲ್ಲಿತ್ತು. ದೂರಿನ ದಾರಿಯನ್ನು ಹಾಡಿ ಇಂದಿಗೂ ಬಳಸಿಲ್ಲ. ಬಳಸಬೇಕಿತ್ತೇ ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿದೆ, ಹೊರಗೆ ಕುಳಿತು ಅದನ್ನು ತೀರ್ಮಾನಿಸುವುದು ಸುಲಭವೂ ಅಲ್ಲ.

ಸಾಕ್ಷ್ಯ

ಲೈನ್ ಸೇರಿದ ಕುಟುಂಬಗಳು ಈಗ ಆ ಜಾಗದಲ್ಲಿಲ್ಲ, ಆದ್ದರಿಂದ ಸಾಮಾನ್ಯ ವೈಯಕ್ತಿಕ ಹಕ್ಕಿನ ಅರ್ಜಿ ನಿಲ್ಲುವುದಿಲ್ಲ ಎಂಬುದು ಮೊದಲ ಸುತ್ತಿನಲ್ಲೇ ಗೊತ್ತಾಗಿತ್ತು. ಕಾಯ್ದೆಯ 3(1)(ಎಂ) ಕಲಮು ಬೇರೆ ಮಾತು ಹೇಳುತ್ತದೆ. 13 ಡಿಸೆಂಬರ್ 2005ಕ್ಕೆ ಮೊದಲು ಪುನರ್ವಸತಿ ಸಿಗದೆ ಅಕ್ರಮವಾಗಿ ತೆರವಾದ ಅಥವಾ ಸ್ಥಳಾಂತರಗೊಂಡ ಅರಣ್ಯವಾಸಿಗಳಿಗೆ ಅದೇ ಜಾಗದಲ್ಲಿ ಪುನರ್ವಸತಿ ಅಥವಾ ಬದಲಿ ಭೂಮಿ ಪಡೆಯುವ ಹಕ್ಕಿದೆ. ಇಪ್ಪತ್ತೊಂಬತ್ತು ಕುಟುಂಬಗಳೂ ಇದರಡಿ ಹೊಸ ಅರ್ಜಿ ಹಾಕಿದವು. ತೋಟದವರು ಕೊಟ್ಟ ಲೈನ್ ಮನೆ ಪುನರ್ವಸತಿಯಲ್ಲವೇ ಎಂದು ಒಬ್ಬ ಅಧಿಕಾರಿ ಕೇಳಿದ್ದರು. ಕೂಲಿ ಬಿಟ್ಟ ದಿನ ಖಾಲಿ ಮಾಡಬೇಕಾದ ಮನೆಗೆ ಆ ಹೆಸರು ಸಲ್ಲದು ಎಂದು ಸಮಿತಿ ಬರೆದುಕೊಟ್ಟಿತು.

ಆದರೆ ಮೇಲಿದ್ದರು ಎಂದು ತೋರಿಸುವುದು ಹೇಗೆ? ನಿಯಮಗಳಲ್ಲಿ ಸಾಕ್ಷ್ಯದ ಪಟ್ಟಿ ಉದಾರವಾಗಿಯೇ ಇದೆ: ಸರ್ಕಾರಿ ದಾಖಲೆ ಮಾತ್ರವಲ್ಲ, ಹಿರಿಯರ ಲಿಖಿತ ಹೇಳಿಕೆ, ಮನೆಯ ಕುರುಹು, ಬಾವಿ, ಸ್ಮಶಾನ, ಪೂಜಾ ಸ್ಥಳ ಎಲ್ಲವೂ ಸಲ್ಲುತ್ತವೆ. ಉಪಗ್ರಹ ಚಿತ್ರವನ್ನು ಬೇರೆ ಸಾಕ್ಷ್ಯಕ್ಕೆ ಪೂರಕವಾಗಿ ಬಳಸಬಹುದು, ಅವುಗಳ ಬದಲಿಗೆ ಅಲ್ಲ. ಮರದ ನೆರಳಿನ ಗುಡಿಸಲು ಉಪಗ್ರಹದ ಕಣ್ಣಿಗೆ ಬೀಳುವುದೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬಂದದ್ದು ತೋಟದೊಳಗಿನಿಂದಲೇ. ನಿವೃತ್ತ ರೈಟರ್ ಒಬ್ಬರ ಮನೆಯ ಅಟ್ಟದಲ್ಲಿ ಎಂಬತ್ತರ ದಶಕದ ಮತ್ತು ಆಮೇಲಿನ ಕೆಲವು ಚೆಕ್‌ರೋಲ್ ಪುಸ್ತಕಗಳಿದ್ದವು. ಚೆಕ್‌ರೋಲ್ ಎಂದರೆ ಆಳುಗಳ ಹಾಜರಿ ಪುಸ್ತಕ. ಉದ್ದನೆಯ ಹಾಳೆ, ಅಂಚಿಗೆ ಗೆದ್ದಲು ತಿಂದಿತ್ತು. ಎಡಕ್ಕೆ ಹೆಸರು, ಬಲಕ್ಕೆ ದಿನಕ್ಕೊಂದು ಚೌಕ, ಚೌಕದಲ್ಲಿ ನೀಲಿ ಪೆನ್ಸಿಲ್ಲಿನ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಕೊಯ್ಲಿನ ತಿಂಗಳಲ್ಲಿ ಗೀಟುಗಳು ಒತ್ತೊತ್ತಾಗಿ, ಮರಕಪಾತಿನ, ಅಂದರೆ ನೆರಳಿನ ಮರದ ಕೊಂಬೆ ಸವರುವ, ಹೊತ್ತಿಗೆ ಗಂಡಸರ ಸಾಲಿನಲ್ಲಿ ಮಾತ್ರ. ಪ್ರತಿ ಹಾಳೆಯೂ ಎರಡು ಭಾಗ: ಮೇಲೆ "ಲೈನ್", ಕೆಳಗೆ "ಹಾಡಿ". ಲೈನಿನವರಿಗೆ ಬೆಳಗಿನ ಹಾಜರಿ ಬೇಗ, ಹಾಡಿಯವರು ಇಳಿದು ಬರುವುದು ತಡ ಎಂಬ ಕಾರಣಕ್ಕೆ ಹಾಗೆ ಬೇರೆ ಮಾಡಿದ್ದು ಎಂದು ರೈಟರ್ ವಿವರಿಸಿದರು. ಇಪ್ಪತ್ತೊಂಬತ್ತು ಕುಟುಂಬಗಳ ಪೈಕಿ ಇಪ್ಪತ್ತನಾಲ್ಕರ ಹಿರಿಯರು "ಹಾಡಿ" ಭಾಗದಲ್ಲಿ ಸಿಕ್ಕರು. ಮುಂದಿನ ಪುಸ್ತಕಗಳಲ್ಲಿ ಅದೇ ಹೆಸರುಗಳು ಒಂದೊಂದಾಗಿ ಮೇಲಿನ ಭಾಗಕ್ಕೆ ಹೋಗಿದ್ದವು. ಕೂಲಿ ಲೆಕ್ಕಕ್ಕೆಂದು ಬರೆದ ಪುಸ್ತಕದಲ್ಲಿ ಇಡೀ ಸ್ಥಳಾಂತರದ ಕಾಲಾನುಕ್ರಮ ಸಿಕ್ಕಿತು.

ಆ ಹಿರಿಯ ರೈಟರ್ ಪುಸ್ತಕ ಕೊಟ್ಟದ್ದೇಕೆ ಎಂದು ಹಲವರು ಕೇಳುತ್ತಾರೆ. ಕೇಳಿದೆವು, ಕೊಟ್ಟರು. ತೋಟದವರೆಲ್ಲ ವಿರೋಧಿಗಳು ಎಂದು ಮೊದಲೇ ತೀರ್ಮಾನಿಸಿದ್ದರೆ ಯಾರೂ ಅವರ ಮನೆಗೆ ಹೋಗುತ್ತಲೇ ಇರಲಿಲ್ಲ.

ಜಂಟಿ ಸ್ಥಳ ತನಿಖೆ 2023ರ ಕೊನೆಯಲ್ಲಿ ನಡೆಯಿತು. ಭೂಮಾಪಕರು ಹಳೆಯ ನಕ್ಷೆ ಹಿಡಿದು ತೋಟದ ಬಾಂದು ಕಲ್ಲು ಹುಡುಕಿದರು. ಮೊದಲ ಕಲ್ಲು ಬೇಲಿಯಿಂದ ಸಾಕಷ್ಟು ಒಳಗೆ, ಕಾಫಿ ಗಿಡಗಳ ನಡುವೆ, ತರಗೆಲೆಯಡಿ ಸಿಕ್ಕಿತು. ಎರಡನೆಯದೂ ಹಾಗೆಯೇ. ಕಲ್ಲಿನಿಂದ ಬೇಲಿಯವರೆಗೆ ಅಳೆದಾಗ ಸುಮಾರು ಆರು ಎಕರೆ ತೋಟದ ಹಿಡುವಳಿಗೆ ಸೇರದ ಜಾಗ. ಅದರೊಳಗೆ ಒಬ್ಬ ಅಜ್ಜಿ ತನ್ನ ಗುಡಿಸಲಿದ್ದ ಜಾಗ ತೋರಿಸಲು ಹೋದಳು. ಎರಡು ರೋಬಸ್ಟಾ ಗಿಡಗಳ ನಡುವೆ ಎಲೆ ಸರಿಸಿದಳು. ಅರ್ಧ ಹೂತ ಒರಳುಕಲ್ಲು. ಲೈನಿಗೆ ಇಳಿಯುವಾಗ ಹೊತ್ತೊಯ್ಯಲಾಗದೆ ಬಿಟ್ಟದ್ದಂತೆ. ಭೂಮಾಪಕರು ಅದರ ಗುಳಿಯೊಳಗಿನ ಮಣ್ಣು ತೆಗೆದು ನೋಡಿ, ಮಹಜರಿನಲ್ಲಿ ಬರೆದುಕೊಂಡರು. ಅಂಥ ಕಲ್ಲು, ಮನೆಯ ಜಗುಲಿಯ ಸಾಲು, ಹಲಸಿನ ಬುಡ ಸೇರಿ ಹತ್ತೊಂಬತ್ತು ಕುರುಹುಗಳು ದಾಖಲಾದವು.

ಅರಣ್ಯ ಸಿಬ್ಬಂದಿ ಮಹಜರಿಗೆ ಸಹಿ ಹಾಕಲು ಹಿಂಜರಿದರು. ತನಿಖೆಗೆ ಬಂದ ಅರಣ್ಯ ಮತ್ತು ಕಂದಾಯ ಅಧಿಕಾರಿಗಳು ಹುದ್ದೆ, ದಿನಾಂಕ, ತಮ್ಮ ಅಭಿಪ್ರಾಯ ಸಮೇತ ಸಹಿ ಮಾಡಬೇಕೆಂದು ನಿಯಮವಿದೆ. ಸಮಿತಿಯವರು ಒತ್ತಾಯ ಮಾಡುವ ಬದಲು, ನಿಮ್ಮ ಆಕ್ಷೇಪವನ್ನೇ ಬರೆದು ಸಹಿ ಹಾಕಿ ಎಂದರು. ಅವರು ಬರೆದರು: ಸದರಿ ಜಾಗದಲ್ಲಿ ಈಗ ಕಾಫಿ ತೋಟವಿದೆ, ಬಾಂದು ಕಲ್ಲಿನ ಹೊರಗಿದೆ. ಆಕ್ಷೇಪವೆಂದು ಬರೆದ ಆ ಎರಡನೆಯ ಅರ್ಧ ನಮ್ಮ ಕಡತದ ಅತ್ಯಂತ ಉಪಯುಕ್ತ ಸಾಲಾಯಿತು.

ಆದದ್ದು

2024ರಲ್ಲಿ ಉಪವಿಭಾಗ ಸಮಿತಿಯಲ್ಲಿ ತೀರ್ಮಾನವಾಗಿ, ಜಿಲ್ಲಾ ಸಮಿತಿಯ ಅನುಮೋದನೆಯೂ ಸಿಕ್ಕು, ಮೇಲೇ ಉಳಿದಿದ್ದ ಹದಿನಾಲ್ಕು ಕುಟುಂಬಗಳ ಪೈಕಿ ಹನ್ನೊಂದಕ್ಕೆ ವೈಯಕ್ತಿಕ ಹಕ್ಕುಪತ್ರ ಬಂತು. ಬಹುಪಾಲು ಒಂದು ಎಕರೆಗಿಂತ ಕಡಿಮೆ. ಕೇಳಿದ್ದು ಅದರ ಎರಡರಷ್ಟು. ಉಳುಮೆಯ ನೆಲ ಕಾಫಿಯೊಳಗೆ ಸೇರಿಹೋಗಿದ್ದ ಮೂರು ಕುಟುಂಬಗಳ ಅರ್ಜಿ ತಿರಸ್ಕೃತವಾಯಿತು. ಸ್ಮಶಾನ, ತೊರೆ, ದಾರಿಯ ಮೇಲಿನ ಸಮುದಾಯ ಹಕ್ಕು ಮಾನ್ಯವಾಯಿತು. ಅದರ ಪ್ರತಿ ಹಿಡಿದು ಹೋದಾಗ ಗೇಟಿನ ಬೀಗ ತೆಗೆಯಲು ತೋಟದವರು ತಕರಾರು ಮಾಡಲಿಲ್ಲ. ಈಗ ಗೇಟಿದೆ, ಬೀಗವಿಲ್ಲ. ಪಟ್ಟಾ ಸಿಕ್ಕವರಿಗಿಂತ ಸಿಗದವರಿಗೆ ಇದರಿಂದ ಹೆಚ್ಚು ನೆಮ್ಮದಿಯಾಗಿದೆ, ಹೆಣ ಹೊರುವಾಗ ಯಾರನ್ನೂ ಕೇಳಬೇಕಾಗಿಲ್ಲವಲ್ಲ.

ಇಪ್ಪತ್ತೊಂಬತ್ತು ಕುಟುಂಬಗಳ ಪುನರ್ವಸತಿ ಅರ್ಜಿಯನ್ನು ಉಪವಿಭಾಗ ಸಮಿತಿ ತಿರಸ್ಕರಿಸಲೂ ಇಲ್ಲ, ಒಪ್ಪಲೂ ಇಲ್ಲ. ಸದರಿ ಕಲಮಿಗೆ ಪ್ರತ್ಯೇಕ ಕಾರ್ಯವಿಧಾನವಿಲ್ಲ ಎಂದು ಹಿಂದಿರುಗಿಸಿತು. ಈ ಬಾರಿ 60 ದಿನಗಳ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಜಿಲ್ಲಾ ಸಮಿತಿಗೆ ಮೇಲ್ಮನವಿ ಹೋಗಿದೆ, ಇನ್ನೂ ಬಾಕಿ ಇದೆ. ತೋಟದ ಗುತ್ತಿಗೆ ಅರ್ಜಿಗೆ ಹಾಡಿಯವರು ಮಹಜರಿನ ಪ್ರತಿ ಲಗತ್ತಿಸಿ ತಹಶೀಲ್ದಾರರಲ್ಲಿ ಆಕ್ಷೇಪಣೆ ಸಲ್ಲಿಸಿದ್ದಾರೆ. ಆರು ಎಕರೆಯ ಭಾಗದಲ್ಲಿ ಕಡತ ನಿಂತಿದೆ.

ರಸ್ತೆ ಬದಿಯ ಐದು ಸೆಂಟ್ಸ್ ಒಂಬತ್ತು ಕುಟುಂಬಗಳಿಗೂ ಸಿಕ್ಕಿತು, ಅಡಿಪಾಯವೂ ಎದ್ದಿತು. ಆದರೆ ಜಾಗ ತೋಟದ ಪಹಣಿಯಲ್ಲೇ ಇದೆ, ನೋಂದಣಿಯಾಗಿಲ್ಲ. ಸರ್ಕಾರದ ವಸತಿ ಯೋಜನೆಗೆ ಅರ್ಜಿ ಹಾಕಿದಾಗ ನಿವೇಶನದ ದಾಖಲೆ ಕೇಳಿದರು. ತೋರಿಸಲು ಏನೂ ಇರಲಿಲ್ಲ. ಆ ಯುವಕ ಈಗ ಸಮಿತಿಯ ಪತ್ರಗಳನ್ನು ಟೈಪ್ ಮಾಡಿಕೊಡುತ್ತಾನೆ.

ಬೆಲೆ ತೆತ್ತವರಿದ್ದಾರೆ. ಸಮಿತಿಯಲ್ಲಿ ಮುಂದೆ ನಿಂತ ಇಬ್ಬರ ಮನೆಯವರಿಗೆ ತೋಟದಲ್ಲಿ ಕೆಲಸ ಕಡಿಮೆಯಾಯಿತು. ಕಾರಣ ಯಾರೂ ಹೇಳಲಿಲ್ಲ. ಕೊಡಗಿನ ಅನೇಕ ತೋಟಗಳ ಹಾಗೆ ಇಲ್ಲಿಗೂ ಅಸ್ಸಾಮಿನಿಂದ ಕಾರ್ಮಿಕರು ಬಂದಿದ್ದರು, ಆಳು ಸಾಕು ಎಂಬ ಮಾತು ಸುಲಭವಾಯಿತು. ಒಂದು ಕುಟುಂಬದ ಮುಂಗಡವನ್ನು ಒಂದೇ ಸಲ ಹಿಂದಕ್ಕೆ ಕೇಳಿದರು. ಉಳಿದವರು ಕೂಡಿಸಿ ಕಟ್ಟಿದರು.

ಮುಂದಿನವರಿಗೆ

ಈ ಪ್ರಕರಣ ಓದಿದ ಬೇರೆ ಹಾಡಿಯವರು ಮೊದಲು ಕೇಳುವುದು ಚೆಕ್‌ರೋಲ್ ಬಗ್ಗೆ. ಎಲ್ಲ ತೋಟಗಳಲ್ಲೂ ಅದು ಉಳಿದಿರುವುದಿಲ್ಲ. ಉಳಿದಲ್ಲಿ, ತಕರಾರು ಬಿಸಿಯಾಗುವ ಮೊದಲೇ ಹೋಗಿ ಕೇಳಬೇಕು. ಆಮೇಲೆ ಯಾರೂ ಕೊಡುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿಯೂ ಕೆಲವೊಮ್ಮೆ ಹಾಡಿಯ ಹೆಸರು ಇರುತ್ತದೆ, ನಮಗೆ ಮೂರು ಮಕ್ಕಳದ್ದು ಸಿಕ್ಕಿತು.

ಲೈನ್ ಮನೆಯಲ್ಲಿರುವವರು ಪಡಿತರ ಚೀಟಿ ತಿದ್ದುಪಡಿ ಮಾಡಿಸುವಾಗ ವಿಳಾಸದಲ್ಲಿ ಹಾಡಿಯ ಹೆಸರನ್ನೂ ಸೇರಿಸುವುದು ಒಳ್ಳೆಯದು. ಹಿಂದಿನದಕ್ಕೆ ಇದು ಸಾಕ್ಷ್ಯವಾಗದು, ಆದರೆ ತೋಟದ ಕೂಲಿಗಳು ಎಂಬ ಒಂದೇ ಸಾಲಿನ ಹಿಂಬರಹ ಬರೆಯುವ ಕೈ ಒಂದು ಕ್ಷಣ ನಿಲ್ಲುತ್ತದೆ. ಸಮುದಾಯ ಹಕ್ಕಿನ ಅರ್ಜಿಯನ್ನು ವೈಯಕ್ತಿಕ ಅರ್ಜಿಯ ಜೊತೆಗೇ ಹಾಕಬೇಕೆಂದು ನಾನು ಈಗ ಎಲ್ಲ ಕಡೆ ಒತ್ತಾಯಿಸುತ್ತೇನೆ. ಇಲ್ಲಿ ಬೇಗ ಫಲ ಕೊಟ್ಟದ್ದೂ, ಸಹಿ ಹಾಕಿದವರು ಹಾಕದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಸಿಕ್ಕದ್ದೂ ಅದೊಂದೇ.

ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕಿಗೆ, ಅಂದರೆ ಸುತ್ತಲಿನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ, ಹಾಡಿ ಇನ್ನೂ ಅರ್ಜಿ ಹಾಕಬೇಕಿದೆ. ಗಡಿ ಗುರುತಿಸಲು ಕಾಡಿನೊಳಗೆ ನಡೆಯಬೇಕು, ಪಕ್ಕದ ಹಾಡಿಯವರನ್ನು ಕರೆದು ಮಾತಾಡಬೇಕು. ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಸಭೆ ಕರೆಯುವುದು ಬೇಡ ಎಂದು ಅಧ್ಯಕ್ಷೆ ಹೇಳಿದ್ದಾರೆ. ಕೊಯ್ಲಿನ ತಿಂಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಅರ್ಧದಷ್ಟು ಜನ ಸೇರುವುದಿಲ್ಲ, ಸೇರದಿದ್ದರೆ ಠರಾವು ನಿಲ್ಲುವುದಿಲ್ಲ. ಏಪ್ರಿಲ್ ಮೊದಲ ವಾರ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇವೆ.